ಎರಡು ಡಬ್ಬಿ ತುಂತುರು ಮಳೆ

ಸೀನುವುದು ಅಪರಾಧವಲ್ಲ. ಯಾವ ಕಾನೂನು ಪುಸ್ತಕದಲ್ಲೂ ಅದಕ್ಕೆ ಶಿಕ್ಷೆ ಬರೆದಿಲ್ಲ. ಆದರೆ ದೊರೆ ಈಗಷ್ಟೇ ಪ್ರಾಣ ಬಿಟ್ಟಿದ್ದಾನೆ, ರಾಣಿ ಅಳುವುದಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಾಳೆ, ಊರಿಗೆ ಊರೇ ರೇಡಿಯೊ ಮುಂದೆ ಕೂತು ಕರವಸ್ತ್ರ ಹುಡುಕುತ್ತಿದೆ ಎನ್ನುವ ಹೊತ್ತಿನಲ್ಲಿ, ಸತ್ತ ದೊರೆಯ ತಲೆಯ ಹತ್ತಿರದಿಂದಲೇ "ಆ... ಆ... ಆಕ್ಷೀ!" ಎಂದು ಕೇಳಿಬಂದರೆ ಅದನ್ನು ಏನೆಂದು ಕರೆಯಬೇಕು? ನಾಟಕ ವಿಭಾಗದ ಮೇಡಂ ಅದನ್ನು ಕೊಲೆ ಎಂದು ಕರೆದರು.

ಆ ಸೀನಿನ ಒಡೆಯ ರೇಡಿಯೊ ಕೇಂದ್ರದ ಶಬ್ದದ ಮನುಷ್ಯ. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗೂ ಇತ್ತು. ಸಂಬಳದ ದಿನ ಬಿಟ್ಟರೆ ಅದು ಯಾರ ನೆನಪಿಗೂ ಬರುತ್ತಿರಲಿಲ್ಲ. ಕೇಂದ್ರದಲ್ಲಿ ಎಲ್ಲರ ಬಾಯಲ್ಲೂ ಅವನು ಸೀನಪ್ಪ. ಧ್ವನಿಮುದ್ರಿಸಿದ ನಾಟಕವೆಂದರೆ ತಂಗಳು ಊಟ ಎಂಬುದು ಮೇಡಂ ಅವರ ಸಿದ್ಧಾಂತವಾದ್ದರಿಂದ, ಭಾನುವಾರ ಸಂಜೆಯ ನಾಟಕ ಅಲ್ಲಿ ಈಗಲೂ ನೇರಪ್ರಸಾರ. ನಟರು ಮೈಕಿನ ಸುತ್ತ ನಿಂತು ಮಾತಾಡುವಾಗ ಪಕ್ಕದ ಮೇಜಿನ ಹಿಂದೆ ನಿಂತು ಗಾಳಿ ಬೀಸಿಸುವುದು, ಕುದುರೆ ಓಡಿಸುವುದು, ಬಾಗಿಲು ತೆಗೆಯುವುದು, ಅಗತ್ಯವಿದ್ದರೆ ಸಮುದ್ರವನ್ನೇ ತಂದು ನಿಲ್ಲಿಸುವುದು ಸೀನಪ್ಪನ ಕೆಲಸ. ಅವನ ಮೂಲೆಯಲ್ಲಿ ಗುಡುಗಿಗೊಂದು ತಗಡು, ಗೋಡೆಯೇ ಇಲ್ಲದೆ ಚೌಕಟ್ಟಿನಲ್ಲಿ ನಿಂತ ಒಂದು ಬಾಗಿಲು, ಕೈಗೆ ಹಾಕಿಕೊಂಡು ನಡೆಯುವ ನಾಲ್ಕಾರು ಜೊತೆ ಬೂಟು, ಹಕ್ಕಿ ಹಾರಿಸಲು ಒಂದು ಮುದಿ ಪುಕ್ಕದ ಪೊರಕೆ, ಮತ್ತು ಗೋಡೆಯುದ್ದಕ್ಕೂ ಡಬ್ಬಿಗಳು.

ಡಬ್ಬಿಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಂದಿನ ಅನಾಹುತವೆಲ್ಲ ಅಲ್ಲಿಂದಲೇ ಹುಟ್ಟಿದ್ದು. ಲೋಕದಲ್ಲಿ ಎಲ್ಲರೂ ಡಬ್ಬಿಯ ಮೇಲೆ ಒಳಗಿರುವ ಪದಾರ್ಥದ ಹೆಸರು ಬರೆದರೆ, ಸೀನಪ್ಪ ಅದು ಮಾಡುವ ಶಬ್ದದ ಹೆಸರು ಬರೆಯುತ್ತಿದ್ದ. ಒಣ ಬಟಾಣಿಯ ಡಬ್ಬಿಗೆ 'ಆಲಿಕಲ್ಲು'. ಅಕ್ಕಿಗೆ 'ಜೋರು ಮಳೆ'. ಈ ಚಟ ಮನೆಯ ಅಡುಗೆಮನೆಗೂ ಹಬ್ಬಿ, ಸಕ್ಕರೆಯ ಡಬ್ಬಿ 'ಮರಳು' ಆಗಿತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿ ಜಗಳವಾಡಿ, ಅತ್ತು, ಕೊನೆಗೆ ಬಾಯಿಪಾಠ ಮಾಡಿಕೊಂಡಿದ್ದಳು. ಈಗ ಮನೆಗೆ ಬಂದವರಿಗೆ ಚಹಾ ಕೊಡುವಾಗ ಅವಳೇ ಮರೆತು, "ಮರಳು ಎಷ್ಟು ಚಮಚ ಹಾಕ್ಲಿ?" ಎಂದು ಕೇಳುವುದೂ, ಬಂದವರು ಚಹಾವೇ ಬೇಡವೆಂದು ಎದ್ದು ಹೋಗುವುದೂ ಉಂಟು.

ಇರಲಿ, ಕೊಲೆಯ ವಿಷಯಕ್ಕೆ ಬರೋಣ. ನಾಟಕ ಮುಗಿದ ಮೇಲೆ ಮೇಡಂ ಗಾಜಿನ ಕೋಣೆಯಿಂದ ಇಳಿದು ಬಂದರು. ಅವರು ಕೂಗುವವರಲ್ಲ. ಕೋಪ ಹೆಚ್ಚಾದಷ್ಟೂ ದನಿ ಇಳಿಯುತ್ತಿತ್ತು. ಅವತ್ತು ಅವರ ಮಾತು ಕೇಳಿಸಿಕೊಳ್ಳಲು ಸೀನಪ್ಪ ಬಗ್ಗಬೇಕಾಯಿತು.

"ಹೋದ ತಿಂಗಳು ಸೇನಾಪತಿ ಸತ್ತಾಗ ಸೀನಿದ್ರಿ. ಅದಕ್ಕೆ ಮುಂಚೆ ಆ ಪಾಪದ ವಿಧವೆ ಸತ್ತಾಗ ಸೀನಿದ್ರಿ. ಇವತ್ತು ದೊರೆ. ಯಾರು ಸತ್ರೂ ನಿಮಗೆ ಸೀನೋಷ್ಟು ಸಂತೋಷ ಯಾಕೆ?"

"ಮೇಡಂ, ನಂಗೆ ನೆಗಡಿ..."

"ಕೆಂಪು ದೀಪ ಉರೀತಿರೋವಾಗ ಇನ್ನೊಂದು ಸೀನು. ಒಂದೇ ಒಂದು. ನಿಮ್ಮ ಡಬ್ಬಿಗಳೆಲ್ಲ ನೆಲಮಾಳಿಗೆ ಗೋದಾಮಿಗೆ ಹೋಗ್ತವೆ, ಅವನ್ನ ಎಣಿಸ್ಕೊಂಡು ಕೂರೋಕೆ ನೀವೂ ಹೋಗ್ತೀರಿ. ಕಂಪ್ಯೂಟರಲ್ಲಿ ಎಲ್ಲಾ ಶಬ್ದನೂ ಸಿಗ್ತವೆ. ಅದಕ್ಕೆ ಮೂಗಿಲ್ಲ."

ಸೀನಪ್ಪನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಒಂದು ಹಿಡಿ ಅಕ್ಕಿಯಿಂದ ಊರಿಗೆಲ್ಲ ಮಳೆ ಸುರಿಸಬಲ್ಲವನನ್ನು ಗೋದಾಮಿನಲ್ಲಿ ಹಳೇ ಫ್ಯಾನುಗಳ ನಡುವೆ ಕೂರಿಸಿದರೆ ಅವನು ಬದುಕುವುದು ಹೇಗೆ? ಅವನಿಗೆ ನಿಜಕ್ಕೂ ಅಳು ಬಂತು. ಅಳು ಬಂದರೆ ಮೂಗು ಸುರಿಯುತ್ತದೆ, ಮೂಗು ಸುರಿದರೆ ನೆಗಡಿ ಎನ್ನುತ್ತಾರೆ ಎಂದು ಅದನ್ನೂ ತಡೆದುಕೊಂಡು ಮನೆಗೆ ಬಂದ.

ಮನೆಯ ಮೆಟ್ಟಿಲ ಹತ್ತಿರ ಕೆಳಮನೆಯ ಅಜ್ಜಿ ಕಾದಿದ್ದರು. ರೇಡಿಯೊವನ್ನು ಇಡೀ ಕಟ್ಟಡಕ್ಕೆ ಕೇಳುವಷ್ಟು ಜೋರಾಗಿ ಹಾಕಿಕೊಂಡು ಒಂದು ನಾಟಕವನ್ನೂ ಬಿಡದೆ ಕೇಳುವವರು.

"ಸತ್ತವನು ಸೀನಿದ ಅಂದ್ರೆ ಬದುಕಿದ್ದಾನೆ ಅಂತ ತಾನೇ ಅರ್ಥ? ಮತ್ಯಾಕೆ ಹೂತುಬಿಟ್ರಿ? ನಿಮ್ಮ ಮೇಡಂಗೆ ಹೇಳು, ಮುಂದಿನ ಸಲ ರಾಜನ್ನ ಬದುಕಿಸ್ಬೇಕು. ವಾರ ವಾರ ಒಬ್ರನ್ನ ಕೊಂದ್ರೆ ವಯಸ್ಸಾದವರು ಏನು ಕೇಳೋದು?"

ಮೇಲೆ ಹೋದರೆ ಭಾವಮೈದುನ ಬಂದು ಕೂತಿದ್ದ. ಹೆಂಡತಿಯ ತಮ್ಮ. ಆರೋಗ್ಯ ಮಾರುವುದು ಅವನ ವೃತ್ತಿ. ಹೋದ ವರ್ಷ ಕೂದಲೆಣ್ಣೆ ಮಾರುತ್ತಿದ್ದಾಗ ಅವನ ತಲೆಯಲ್ಲಿದ್ದ ಕೂದಲು ಈ ವರ್ಷ ಇರಲಿಲ್ಲ. ಭಾವನ ಸಂಕಟ ಕೇಳಿದ್ದೇ ತಡ, ಚೀಲಕ್ಕೆ ಕೈ ಹಾಕಿ ಒಂದು ಕಾಗದದ ಪೊಟ್ಟಣ ತೆಗೆದ.

"ಭಾವ, ನಿಮ್ಮ ಮೈಯೊಳಗೆ ಒಂದು ಸೈನ್ಯ ಇದೆ. ಗೊತ್ತಾ?"

"ಇದ್ದಿದ್ರೆ ಇಷ್ಟು ದಿನ ಎಲ್ಲಿಗೆ ಹೋಗಿತ್ತು?"

"ಮಲಗಿತ್ತು. ಯುದ್ಧ ಇಲ್ಲದಾಗ ಸೈನಿಕರು ಇನ್ನೇನು ಮಾಡ್ತಾರೆ? ಇದು ಯೀಸ್ಟಿಂದ ತೆಗೆದದ್ದು. ಬೀಟಾ ಗ್ಲೂಕನ್ ಅಂತಾರೆ. ಯೀಸ್ಟನ್ನ ಕೊಂದು, ಒಳಗಿದ್ದದ್ದನ್ನ ಎಸೆದು, ಬರೀ ಅದರ ಮನೆಗೋಡೆ ಇಟ್ಕೊಂಡಿರ್ತಾರೆ. ನೀವು ನುಂಗಿದ ತಕ್ಷಣ ನಿಮ್ಮ ಸೈನಿಕರು ಆ ಗೋಡೆ ನೋಡಿ, 'ಅಯ್ಯೋ, ಶತ್ರು ಬಂದ' ಅಂತ ಎದ್ದು ಕೂತ್ಕೋತಾರೆ. ಬಂದಿರೋದು ಬರೀ ಗೋಡೆ. ಆದ್ರೂ ಎದ್ದಿದ್ದು ಎದ್ದ ಹಾಗೇನೇ."

"ಅಂದ್ರೆ ಸುಳ್ಳು ಹೇಳಿ ಎಬ್ಬಿಸೋದು."

"ಭಾವ, ಇದಕ್ಕೆ ವಿಜ್ಞಾನ ಅಂತಾರೆ."

ಅಡುಗೆಮನೆಯಿಂದ ಅಕ್ಕನ ದನಿ ಬಂತು. "ನಿನ್ನ ಕೂದಲೆಣ್ಣೆಗೂ ಹಾಗೇ ಅಂತಿದ್ದೆ. ಇರ್ಲಿ, ಇದು ನಾನು ಬನ್ನಿಗೆ ಹಾಕ್ತೀನಲ್ಲ, ಅದೇ ಯೀಸ್ಟಾ?"

"ಛೆ ಛೆ! ಅಕ್ಕಾ, ನಿಂದು ಜೀವಂತ. ಇದು ಸತ್ತದ್ದು. ಜೀವಂತ ಯೀಸ್ಟನ್ನ ಯಾರಾದ್ರೂ ಹಾಗೇ ಕುಡೀತಾರಾ? ಹೊಟ್ಟೆ ಬಲೂನಾಗುತ್ತೆ."

ಓದುಗರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಸೀನಪ್ಪ ನೆನಪಿಟ್ಟುಕೊಳ್ಳಲಿಲ್ಲ. ಅವನು ಆಗಲೇ ಪೊಟ್ಟಣದ ಕಂದು ಕಾಳುಗಳನ್ನು ಒಂದು ಖಾಲಿ ಡಬ್ಬಿಗೆ ಸುರಿದು, ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಅಲುಗಾಡಿಸುತ್ತಿದ್ದ. ಸರಸರ, ಸರಸರ. ಸಂಶಯಕ್ಕೆ ಎಡೆಯೇ ಇರಲಿಲ್ಲ. ಒಂದು ಚೀಟಿಯಲ್ಲಿ 'ತುಂತುರು ಮಳೆ' ಎಂದು ಬರೆದು ಡಬ್ಬಿಗೆ ಅಂಟಿಸಿ ಕಪಾಟಿನಲ್ಲಿಟ್ಟ. ಅದೇ ಕಪಾಟಿನಲ್ಲಿ ಹೆಂಡತಿಯ ಬನ್ನಿನ ಯೀಸ್ಟು ಎಷ್ಟೋ ವರ್ಷಗಳಿಂದ 'ತುಂತುರು ಮಳೆ' ಎಂಬ ಹೆಸರಿನಲ್ಲೇ ವಾಸವಾಗಿತ್ತು. ಒಂದೇ ಶಬ್ದಕ್ಕೆ ಎರಡು ಹೆಸರಿಡುವ ಅಪ್ರಾಮಾಣಿಕತೆ ಸೀನಪ್ಪನ ರಕ್ತದಲ್ಲೇ ಇರಲಿಲ್ಲ. ಹೆಂಡತಿ ಮಾತ್ರ ತನ್ನದನ್ನು ಹಿಂದಿನ ಸಾಲಿಗೆ ಸರಿಸಿ, "ಮುಂದಿಂದು ನಿಮ್ದು, ಹಿಂದಿಂದು ನಂದು" ಎಂದಳು. ಅವನು "ಹ್ಞೂಂ" ಎಂದ. ಗಂಡಂದಿರ ಹ್ಞೂಂಗೆ ಎಷ್ಟು ಬೆಲೆಯೋ ಅಷ್ಟೇ ಬೆಲೆ ಅದಕ್ಕೂ ಇತ್ತು.

ಮುಂದಿನ ದಿನಗಳಲ್ಲಿ ಒಂದು ಪವಾಡ ನಡೆಯಿತು. ಸೀನಪ್ಪ ಬೆಳಗ್ಗೆ ಎದ್ದು ಮುಂದಿನ ಸಾಲಿನ ಡಬ್ಬಿಯಿಂದ ಒಂದು ಚಮಚ ಬಾಯಿಗೆ ಹಾಕಿಕೊಂಡು ತಣ್ಣೀರು ಕುಡಿಯುತ್ತಿದ್ದ. ಸೀನು ಬರಲಿಲ್ಲ. ಒಂದು ಭಾನುವಾರ ಮಕ್ಕಳ ನಾಟಕ; ನರಿಯೊಂದು ಮದುವೆಯಾಯಿತು. ಸೀನಿಲ್ಲ. ಇನ್ನೊಂದು ಭಾನುವಾರ ಪ್ರಹಸನ. ಇಬ್ಬರು ದರ್ಜಿಗಳು ಒಂದೇ ಪ್ಯಾಂಟಿಗಾಗಿ ಬಡಿದಾಡಿದರು. ಸೀನಿಲ್ಲ. ಎರಡೂ ನಾಟಕಗಳಲ್ಲಿ ಯಾರೂ ಸಾಯಲಿಲ್ಲ ಎಂಬ ಸಣ್ಣ ಸಂಗತಿಯನ್ನು ಯಾರೂ ಗಮನಿಸಲಿಲ್ಲ. ಯಾರಾದರೂ ಸತ್ತಾಗಲೆಲ್ಲ ಪ್ರಾಣ ಹಾರಿತೆಂದು ತೋರಿಸಲು ಪಾರಿವಾಳ ಹಾರಿಸುವುದು ಮೇಡಂ ಅವರ ಪದ್ಧತಿ. ಸಾವಿಲ್ಲದ ಕಡೆ ಪಾರಿವಾಳಕ್ಕೇನು ಕೆಲಸ?

ಸೀನಪ್ಪನಿಗೆ ಕೊಂಬು ಬಂತು. ಕ್ಯಾಂಟೀನಿನಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಅವರ ಮೇಜಿಗೇ ಹೋಗಿ ಕೂರುತ್ತಿದ್ದ.

"ಒಳಗೆ ಸೈನ್ಯ ಮಲಗಿದೆ ನಿಮಗೆ. ಎಬ್ಬಿಸ್ಬೇಕು."

"ಯಾವ ಸೈನ್ಯ?"

"ನಿಮ್ಮದೇ. ನನ್ನದು ನೋಡಿ, ಹಗಲೂ ರಾತ್ರಿ ಗಸ್ತು ತಿರುಗ್ತಾ ಇದೆ. ಈಗ ನನ್ನ ಮೂಗಿನೊಳಗೆ ನೀವೇ ಬಂದ್ರೂ ಹಿಡಿದು ಆಚೆ ಹಾಕುತ್ತೆ."

ಮೊದಲು ನಕ್ಕರು. ಆಮೇಲೆ ಹವೆ ಬದಲಾಗಿ ಇಡೀ ಕೇಂದ್ರದಲ್ಲಿ ಗಂಟಲು ಕೆರೆತ ಶುರುವಾಯಿತು. ಅದೂ ಎಂಥ ವಾರದಲ್ಲಿ! ಬರುವ ಭಾನುವಾರದ ನಾಟಕ 'ಸೆರೆಮನೆಯಲ್ಲಿ ದೊರೆ'. ಅದನ್ನು ಕೇಳುವುದಾಗಿ ಕೇಂದ್ರ ಕಚೇರಿಯ ದೊಡ್ಡ ಸಾಹೇಬರೇ ಹೇಳಿ ಕಳಿಸಿದ್ದರು. ಕೊನೆಯ ದೃಶ್ಯದಲ್ಲಿ ದೊರೆ ಸಾಯುವ ಮೊದಲು ಒಂದು ದೀರ್ಘ ಮೌನವಿತ್ತು. ಆ ಮೌನವನ್ನು ತಿದ್ದಿ ತೀಡಿ ಬರೆಯಲು ತಿಂಗಳು ಹಿಡಿಯಿತು ಎಂದು ಮೇಡಂ ಹೇಳಿಕೊಳ್ಳುತ್ತಿದ್ದರು. ಹಾಳೆಯಲ್ಲಿ ನೋಡಿದರೆ ಅದು 'ಮೌನ' ಎಂಬ ಒಂದೇ ಪದವಾಗಿತ್ತು.

ಭಾನುವಾರ ಮಧ್ಯಾಹ್ನ ತಾಲೀಮಿಗೆ ಬಂದ ಎಂಟು ಜನರೂ ಗಂಟಲು ಹಿಡಿದುಕೊಂಡೇ ಬಂದರು. ದೊರೆಯ ಪಾತ್ರದ ಹಿರಿಯ ನಟನ ಸ್ಥಿತಿಯಂತೂ ಹೇಳುವ ಹಾಗಿರಲಿಲ್ಲ. ಎಷ್ಟೋ ವರ್ಷಗಳಿಂದ ದೊರೆಯ ಪಾತ್ರವನ್ನೇ ಮಾಡಿ ಮಾಡಿ ಅವರಿಗೆ ಮಹಾರಾಜ ಎಂದೇ ಹೆಸರಾಗಿತ್ತು. ಕ್ಯಾಂಟೀನಿನಲ್ಲಿ ಚಹಾ ಬೇಕಾದರೂ "ಯಾರಲ್ಲಿ!" ಎಂದು ಕೂಗುವವರು ಅವತ್ತು ಕೈಸನ್ನೆ ಮಾಡಿ ತರಿಸಿಕೊಂಡರು.

ಸೀನಪ್ಪ ಆ ದಿನ ಬೆಳಗ್ಗೆ ತನ್ನ ಚಮಚ ನುಂಗಿ, ಇಡೀ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಬಂದಿದ್ದ. ಕಪಾಟಿನಿಂದ ಡಬ್ಬಿ ತೆಗೆಯುವಾಗ ಅಲುಗಾಡಿಸಿ ಕೇಳಿದ್ದ. ಸರಸರ. ಕಣ್ಣಿಂದಲೂ ಓದಿದ್ದ, ತುಂತುರು ಮಳೆ. ಇದಕ್ಕಿಂತ ಜಾಗರೂಕತೆಯನ್ನು ಮನುಷ್ಯಮಾತ್ರರಿಂದ ನಿರೀಕ್ಷಿಸುವುದು ಅನ್ಯಾಯ. ಅಂದು ಕೆಳಮನೆಯ ಅಜ್ಜಿಯ ಹುಟ್ಟುಹಬ್ಬ. ಅದಕ್ಕೆ ಬನ್ನು ಮಾಡಲೆಂದು ಹೆಂಡತಿ ಹಿಂದಿನ ಸಾಲಿನ ಡಬ್ಬಿಯನ್ನು ರಾತ್ರಿಯೇ ಮುಂದೆ ಎಳೆದಿಟ್ಟುಕೊಂಡಿದ್ದಳು ಎಂದು ಅವನಿಗೇನು ಕನಸು ಬಿದ್ದಿತ್ತೆ?

"ತಣ್ಣೀರಲ್ಲಿ ಬೇಡ, ಗಂಟಲು ಕೆಟ್ಟಿದೆ" ಎಂದರು ರಾಣಿಯ ಪಾತ್ರದ ನಟಿ.

"ಬೆಚ್ಚಗಿನ ನೀರಲ್ಲಿ ಕೊಡ್ತೀನಿ. ಇನ್ನೂ ಒಳ್ಳೇದು" ಎಂದ ಸೀನಪ್ಪ. ಭಾವಮೈದುನ ಹಾಗೆಲ್ಲೂ ಹೇಳಿರಲಿಲ್ಲ. ಆದರೆ ಮೂರು ವಾರ ಸೀನದ ಮನುಷ್ಯ ಸ್ವಂತ ಸಂಶೋಧನೆಗೆ ಇಳಿಯುವುದು ಸಹಜ. ಕ್ಯಾಂಟೀನಿನ ದೊಡ್ಡ ಕೆಟಲು ತರಿಸಿ, ಬೆಚ್ಚಗಿನ ನೀರು ತುಂಬಿ, ಡಬ್ಬಿಯ ಮುಕ್ಕಾಲು ಭಾಗ ಸುರಿದು, ಕಹಿಯಾದೀತೆಂದು ಕೈತುಂಬ ಸಕ್ಕರೆ ಹಾಕಿ ಮುಚ್ಚಿಟ್ಟ. ತಾಲೀಮು ಮುಗಿಸಿ ಬಂದು ನೋಡಿದರೆ ಕೆಟಲಿನ ಮುಚ್ಚಳ ತಾನೇ ತಾನಾಗಿ ಮೇಲೇಳುತ್ತಿತ್ತು. ಕೆಳಗಿನಿಂದ ಕಂದು ನೊರೆ ಇಣುಕಿ, ಮೇಜಿನ ಮೇಲೆ ಹರಿದು, ಯಾರದೋ ಟೊಪ್ಪಿಯ ಕಡೆಗೆ ಹೊರಟಿತ್ತು.

"ಇದೇನಯ್ಯಾ ಇದು, ಉಕ್ಕಿ ಬರ್ತಾ ಇದೆ?" ಎಂದರು ಮಹಾರಾಜ.

ಮನೆಯಲ್ಲಿ ಒಂದು ದಿನವೂ ಅದು ಹೀಗೆ ಉಕ್ಕಿರಲಿಲ್ಲ. ಸೀನಪ್ಪನಿಗೆ ಒಂದು ಕ್ಷಣ ಅಳುಕಾಯಿತು. ಮರುಕ್ಷಣವೇ, ಮನೆಯಲ್ಲಿ ತಣ್ಣೀರಲ್ಲವೇ ಎಂದು ಹೊಳೆಯಿತು.

"ಶಕ್ತಿ, ಮಹಾರಾಜ್ರೇ. ಒಳಗಿರೋ ಶಕ್ತಿ ತಡೆಯೋಕಾಗದೆ ಹೊರಗೆ ಬರ್ತಿದೆ. ಸೈನ್ಯ ಎದ್ದಿದೆ."

"ಹಾಗಾದ್ರೆ ಪೂರ್ತಿ ಸೈನ್ಯ ಬರ್ಲಿ. ನನಗೆ ಎರಡು ಲೋಟ."

ರಾಣಿ ಒಂದು ಲೋಟ ಕುಡಿದಳು. ಸೆರೆಮನೆಯ ಕಾವಲುಗಾರ, ಮಂತ್ರಿ, ಗೂಢಚಾರ ಎಲ್ಲರೂ ಕುಡಿದರು. ಕೊನೆಗೆ ಮೇಡಂ ಬಂದರು. ಅವರಿಗೆ ಇದರಲ್ಲಿ ಕಾಸಿನಷ್ಟೂ ನಂಬಿಕೆಯಿರಲಿಲ್ಲ, ಆದರೆ ಗಂಟಲು ಅವರದೂ ಕೆಟ್ಟಿತ್ತು. "ಅರ್ಧ ಲೋಟ" ಎಂದವರು, ಸಿಹಿಯಾಗಿದೆ ಎನ್ನಿಸಿ ಪೂರ್ತಿ ಲೋಟ ಕುಡಿದು ಮೇಲುತುಟಿಯ ನೊರೆ ಒರೆಸಿಕೊಂಡರು. ಬೆಳಗ್ಗೆಯೇ ಸಕ್ಕರೆಯಿಲ್ಲದ ತಣ್ಣೀರಲ್ಲಿ ತನ್ನ ಚಮಚ ಮುಗಿಸಿದ್ದ ಸೀನಪ್ಪ ಮಾತ್ರ ಕುಡಿಯಲಿಲ್ಲ.

ಪ್ರಸಾರಕ್ಕೆ ಇನ್ನೇನು ಐದು ನಿಮಿಷವಿದೆ ಎನ್ನುವಾಗ ಸ್ಟುಡಿಯೊ ಬಾಗಿಲಾಚೆಯ ಫೋನು ಹೊಡೆದುಕೊಂಡಿತು. ಹೆಂಡತಿ.

"ರೀ, ಹಿಟ್ಟು ಏಳ್ತಾನೇ ಇಲ್ಲ. ಬೆಳಗ್ಗೆಯಿಂದ ಕಲ್ಲಿನ ಹಾಗೆ ಕೂತಿದೆ. ಅಜ್ಜಿ ಮನೆ ತುಂಬಾ ನೆಂಟರು. ನನ್ನ ತುಂತುರು ಮಳೆ ಏನ್ಮಾಡಿದ್ರಿ?"

"ನಿಂದು ಅಲ್ಲೇ ಇದೆ. ನಾನು ತಂದಿದ್ದು ನನ್ನ ತುಂತುರು ಮಳೆ."

"ಇಲ್ಲಿರೋದು ಸತ್ತಿದೆ. ಒಂದು ಗುಳ್ಳೆನೂ ಬರ್ತಿಲ್ಲ. ನಿಮ್ಮ ಹತ್ರ ಇರೋದನ್ನ ಬೆಚ್ಚಗಿನ ಸಕ್ಕರೆ ನೀರಲ್ಲಿ ಹಾಕಿ ನೋಡಿ. ನೊರೆ ಬಂದ್ರೆ ಅದು ನಂದು."

ಸೀನಪ್ಪ ತೆರೆದ ಬಾಗಿಲೊಳಗೆ ಕಣ್ಣು ಹಾಯಿಸಿದ. ಮಹಾರಾಜರ ಮೀಸೆಯಲ್ಲಿ ಇನ್ನೂ ಒಣಗಿದ ನೊರೆಯಿತ್ತು.

"ಬಂತು" ಎಂದ.

"ಸದ್ಯ! ಜೋಪಾನವಾಗಿ ವಾಪಸ್ ತನ್ನಿ."

"ವಾಪಸ್ ತರೋಕಾಗಲ್ಲ ಕಣೆ. ಅದು ಈಗ... ಬೇರೆಯವರ ಒಳಗಿದೆ."

ಹೆಂಡತಿ ಮೆತ್ತಗೆ ಕೇಳಿದಳು. "ಎಷ್ಟು ಜನ?"

"ಎಂಟು ಜನ. ಮೇಲೆ ಮೇಡಂ. ಮಹಾರಾಜ್ರು ಎರಡು ಲೋಟ."

"ಅಯ್ಯೋ ನನ್ನ ಕರ್ಮವೇ! ರೀ, ಅದಕ್ಕೆ ಬೇಕಾಗಿರೋದೇ ಒಂದು ಬೆಚ್ಚಗಿನ ಜಾಗ, ಸ್ವಲ್ಪ ಸಕ್ಕರೆ. ಹೊಟ್ಟೆಗಿಂತ ಬೆಚ್ಚಗಿನ ಜಾಗ ಎಲ್ಲಿದೆ? ಏಳುತ್ತೆ."

"ಎಷ್ಟು ಹೊತ್ತಿಗೆ?"

"ನನ್ನ ಹಿಟ್ಟಿಗೆ ಒಂದು ಗಂಟೆ ಸಾಕು."

ಅವರೆಲ್ಲ ಕುಡಿದು ಒಂದು ಗಂಟೆಯಾಗಿತ್ತು. ಸೀನಪ್ಪ ಫೋನು ಬಿಸಾಕಿ ಒಳಗೆ ಓಡಿ, "ಒಂದು ನಿಮಿಷ, ಎಲ್ಲರೂ—" ಎಂದು ಬಾಯಿ ತೆರೆಯುವುದಕ್ಕೂ ತಲೆಯ ಮೇಲೆ ಕೆಂಪು ದೀಪ ಹತ್ತುವುದಕ್ಕೂ ಸರಿಹೋಯಿತು. ಇನ್ನು ಮಾತಾಡುವಂತಿಲ್ಲ. ಒಂಬತ್ತು ಹೊಟ್ಟೆಗಳೊಳಗೆ ಏನಿದೆ ಎಂಬುದನ್ನು ಬಲ್ಲ ಏಕೈಕ ಪ್ರಾಣಿ ಬಾಯಿಗೆ ಬೀಗ ಹಾಕಿಕೊಂಡು ತನ್ನ ಮೇಜಿನ ಹಿಂದೆ ಹೋಗಿ ನಿಂತಿತು.

ಮೊದಲರ್ಧ ಹೇಗೋ ಸಾಗಿತು. ಮೊದಲು ಸುಳಿವು ಕೊಟ್ಟದ್ದು ರಾಣಿ. "ನನ್ನ ದೊರೆಯನ್ನು ಎಲ್ಲಿ ಬಚ್ಚಿಟ್ಟಿದ್ದೀರಿ?" ಎಂದು ಆಕೆ ಕೇಳಿದ್ದಕ್ಕೆ ಮಂತ್ರಿ ಉತ್ತರಿಸುವ ಮೊದಲೇ ಆಕೆಯ ಹೊಟ್ಟೆ "ಗುರ್ರ್ರ್" ಎಂದು ಉತ್ತರ ಕೊಟ್ಟಿತು. ಮೈಕು ಒಳ್ಳೆಯ ಮೈಕು; ಸೂಜಿ ಬಿದ್ದರೂ ಬಿಡುವುದಿಲ್ಲ. ಸೀನಪ್ಪನ ಕೈ ತಾನಾಗಿಯೇ ತಗಡಿಗೆ ಹೋಯಿತು. ಗುಡುಗು ಮೊಳಗಿತು. ಬರಹದಲ್ಲಿ ಅಲ್ಲಿ ಗುಡುಗಿರಲಿಲ್ಲ. ಗಾಜಿನ ಆಚೆಯಿಂದ ಮೇಡಂ ಕಣ್ಣು ಬಿಟ್ಟರು. ಅಷ್ಟರಲ್ಲಿ ಕಾವಲುಗಾರನ ಹೊಟ್ಟೆ ಹೊರಳಿತು, ಮತ್ತೆ ಗುಡುಗು. ಮಂತ್ರಿಯ ಹೊಟ್ಟೆ ದೂರದಲ್ಲಿ ಯಾರೋ ಬಂಡೆ ಉರುಳಿಸಿದಂತೆ ಸದ್ದು ಮಾಡಿತು, ಜೋರು ಮಳೆ. ಗೂಢಚಾರನಿಗೆ ತೇಗು ಬಂತು. ಬಾಗಿಲು ಧಡಾರನೆ ಬಡಿಯಿತು. ಸೀನಪ್ಪ ಎರಡು ಕೈ ಎರಡು ಕಾಲು ಎಲ್ಲದರಿಂದಲೂ ಕೆಲಸ ಮಾಡುತ್ತಿದ್ದ. ಬೆವರು ಕಿತ್ತುಕೊಂಡು ಬರುತ್ತಿತ್ತು. ಗಾಜಿನ ಹಿಂದೆ ಮೇಡಂ ಕತ್ತು ಕೊಯ್ಯುವ ಸನ್ನೆ ಮಾಡುತ್ತಿದ್ದರು. ಯಾರ ಕತ್ತು ಎಂದು ಕೇಳುವ ಅಗತ್ಯವಿರಲಿಲ್ಲ.

ಕೊನೆಯ ದೃಶ್ಯ ಬಂತು. ಮೇಡಂ ಅವರ ಮೌನ ಬಂತು. ಎರಡು ಲೋಟ ಕುಡಿದಿದ್ದ ಮಹಾರಾಜರ ಹೊಟ್ಟೆ ಇಷ್ಟು ಹೊತ್ತು ಕಾದಿದ್ದದ್ದು ಈ ಮೌನಕ್ಕಾಗಿಯೇ ಇರಬೇಕು. ಅದು ಗುಡುಗಿತು, ಸೀಟಿ ಹೊಡೆಯಿತು, ಕೊಳಾಯಿಯ ಹಾಗೆ ಗೊಳಗೊಳ ಎಂದಿತು. ಸೀನಪ್ಪ ಇದ್ದಬದ್ದ ಮಳೆಯನ್ನೆಲ್ಲ ಸುರಿದ. ಮಹಾರಾಜ ಹಳೆಯ ಹುಲಿ, ಹೊಟ್ಟೆ ಹಿಡಿದುಕೊಂಡೇ, "ಕೇಳಿದೆಯಾ ಕಾವಲುಗಾರ? ನನಗಾಗಿ ಆಕಾಶವೂ ಅಳುತ್ತಿದೆ!" ಎಂದು ಬರಹದಲ್ಲಿಲ್ಲದ ಮಾತು ಸೇರಿಸಿದರು.

ಮೇಡಂಗೆ ತಡೆಯಲಾಗಲಿಲ್ಲ. ಭಾರದ ಬಾಗಿಲನ್ನು ಮೆಲ್ಲಗೆ ತೆರೆದು, ತುದಿಗಾಲಲ್ಲಿ ನಡೆದು ಸೀನಪ್ಪನ ಮುಂದೆ ಬಂದು ನಿಂತರು. ಮೈಕು ಅವರ ಕಿವಿಯ ಪಕ್ಕದಲ್ಲೇ ಇತ್ತು. ಶಬ್ದವಿಲ್ಲದೆ ತುಟಿಯಾಡಿಸಿದರು: "ನಿಲ್ಸಿ." ತಗಡು ಕಿತ್ತುಕೊಂಡರು. ದೊರೆ ಪ್ರಾಣ ಬಿಟ್ಟ. ಮೇಡಂ ಬೆರಳು ಪುಕ್ಕದ ಪೊರಕೆಯನ್ನು ತೋರಿಸಿತು: ಪಾರಿವಾಳ.

ಸೀನಪ್ಪ ಪೊರಕೆ ಎತ್ತಿ ಬಡಿದ. ಪಟಪಟ, ಪಟಪಟ. ಪಾರಿವಾಳಗಳು ಹಾರಿದವು. ಅವುಗಳ ಜೊತೆಗೇ ಅವನ ಮೂಗಿನಲ್ಲಿ ಹಳೆಯ ನೆಂಟನೊಬ್ಬ ಬಂದು ಕೂತ.

ಅವನು ಮೂಗು ಹಿಡಿದ. ಉಸಿರು ಕಟ್ಟಿದ. ಕಣ್ಣಲ್ಲಿ ನೀರು ತುಂಬಿತು. ಗೋದಾಮು ಕಣ್ಣ ಮುಂದೆ ಬಂತು. ಮೇಡಂ ಅವನ ಮೂಗನ್ನೇ ನುಂಗುವಂತೆ ನೋಡುತ್ತ, ಎಚ್ಚರಿಕೆಯೆಂದು ಬೆರಳೆತ್ತಿದರು. ಬೆರಳು ಅರ್ಧಕ್ಕೇ ನಿಂತಿತು. ಅವರ ಮುಖದ ಬಣ್ಣ ಬದಲಾಯಿತು. ಕೈ ಎದೆಗೆ ಹೋಯಿತು. ಕಣ್ಣುಗಳಲ್ಲಿ, ತನ್ನೊಳಗೆ ಏನೋ ಮೆಟ್ಟಿಲು ಹತ್ತಿ ಬರುತ್ತಿದೆ ಎಂಬ ಅರಿವು ಕಾಣಿಸಿತು.

ಆ ತೇಗು ಸಾಮಾನ್ಯದ್ದಲ್ಲ. ಅದು ತುಕ್ಕು ಹಿಡಿದ ಕೀಲಿನಂತೆ ಆಳದಲ್ಲಿ ಕಿರುಗುಟ್ಟಿ ಶುರುವಾಗಿ, ನಡುವೆ ಅಗಲವಾಗಿ, ಮರ ಸೀಳಿದಂತೆ ಬಾಯ್ಬಿಟ್ಟು ಬಹಳ ಹೊತ್ತು ನಡೆಯಿತು. ಅದು ಮುಗಿಯುವ ಹೊತ್ತಿಗೆ ಸರಿಯಾಗಿ ಸೀನಪ್ಪನ ಮೂಗು ಕೈಕೊಟ್ಟಿತು. "ಆಕ್ಷೀ!" ಎಂದರೆ ಕಡಿಮೆಯಾಯಿತು, ಮೂರು ವಾರ ಕೂಡಿಟ್ಟದ್ದೆಲ್ಲ ಒಟ್ಟಿಗೇ ಸಿಡಿದು, ಮೇಡಂ ಕೈಯಲ್ಲಿದ್ದ ತಗಡಿಗೆ ಬಡಿದು ಢಬಾರೆಂದಿತು. ಬೆಚ್ಚಿಬಿದ್ದ ಸತ್ತ ಮಹಾರಾಜರು "ಅಯ್ಯೋ!" ಎಂದು ಮೈಕಿನೊಳಗೇ ಕಿರುಚಿದರು.

ಎಲ್ಲರಿಗೂ ಗರ ಬಡಿಯಿತು. ಮುಂದೆ ಬಂದವಳು ರಾಣಿ. "ಬಾಗಿಲು ಮುರಿದರು! ನಮ್ಮವರು ಸೆರೆಮನೆಯ ಬಾಗಿಲು ಮುರಿದರು! ದೊರೆಗೆ ಜೀವ ಬಂತು! ಏಳಿ ಪ್ರಭು, ಓಡೋಣ!" ಎಂದಳು. ಪ್ರಭು ಎದ್ದು ಓಡಿದರು; ನಾಟಕಕ್ಕಷ್ಟೇ ಅಲ್ಲ, ನಿಜಕ್ಕೂ ಓಡಿದರು, ಎರಡು ಲೋಟದ ಒತ್ತಡ ಹಾಗಿತ್ತು. ಸಂಗೀತ ಬಂತು. ಕೆಂಪು ದೀಪ ಆರಿತು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸೀನಪ್ಪ ತಾನಾಗಿಯೇ ಒಂದು ರಟ್ಟಿನ ಪೆಟ್ಟಿಗೆ ಎಳೆದುಕೊಂಡು 'ಆಲಿಕಲ್ಲು', 'ಜೋರು ಮಳೆ' ಎಲ್ಲವನ್ನೂ ಒಂದೊಂದಾಗಿ ಅದರಲ್ಲಿ ಇಡತೊಡಗಿದ. ಆಗ ಗಾಜಿನ ಕೋಣೆಯ ಫೋನು ಹೊಡೆದುಕೊಂಡಿತು. ದೊಡ್ಡ ಸಾಹೇಬರ ಗಂಟಲೂ ದೊಡ್ಡದು. ಅವರ ಮಾತು ಸ್ಟುಡಿಯೊಗೆಲ್ಲ ಕೇಳಿಸುತ್ತಿತ್ತು.

"ದುಃಖದ ನಾಟಕ ಅಂತ ಹೇಳಿದ್ರಲ್ರೀ? ನಮ್ಮ ಮನೇಲಿ ಎಲ್ರೂ ಎದ್ದು ನಿಂತು ಚಪ್ಪಾಳೆ ಹೊಡೆದ್ರು! ಅದಿರ್ಲಿ, ಆ ಬಾಗಿಲು! ಕೀಲು ಕಿರುಗುಟ್ಟಿದ್ದೇನು, ಮರ ಸೀಳಿದ್ದೇನು, ಕೊನೆಗೆ ಢಬಾರ್ ಅಂದಿದ್ದೇನು! ಮೈ ಜುಂ ಅಂತು. ಯಾವ ಕಂಪ್ಯೂಟರಿಂದ ತೆಗೆದ್ರಿ ಅದನ್ನ?"

ಮೇಡಂ ಗಾಜಿನಾಚೆ ಪೆಟ್ಟಿಗೆ ತುಂಬುತ್ತಿದ್ದ ಸೀನಪ್ಪನನ್ನು ನೋಡಿದರು. ಢಬಾರ್ ಯಾರದೆಂದು ಹೇಳಬೇಕಾದರೆ ಕೀಲು ಯಾರದೆಂದೂ ಹೇಳಬೇಕಾಗುತ್ತದೆ. ನ್ಯಾಯಾನ್ಯಾಯದ ತಕ್ಕಡಿ ಕೆಲ ಕ್ಷಣ ತೂಗಿತು.

"ಕಂಪ್ಯೂಟರ್ ಅಲ್ಲ ಸಾರ್. ನಮ್ಮ ಶಬ್ದದವರು ಇಲ್ಲೇ... ಕೈಯಲ್ಲೇ ಮಾಡಿದ್ದು."

"ಕೈಯಲ್ಲಾ!"

"ಹೆಚ್ಚು ಕಡಿಮೆ."

"ಭೇಷ್! ಮುಂದಿನ ಭಾನುವಾರ ಇದನ್ನೇ ಇನ್ನೊಂದು ಸಲ ನೇರವಾಗಿ ಹಾಕಿ. ನಾನೇ ಬಂದು ಗಾಜಿನ ಕೋಣೇಲಿ ಕೂತು ಕೇಳ್ತೀನಿ. ಆ ಬಾಗಿಲು ಮಾತ್ರ ಹಾಗೇ ಇರ್ಬೇಕು. ಚೂರೂ ಬದಲಾಗ್ಬಾರ್ದು."

ಆ ರಾತ್ರಿ ಕೆಳಮನೆಯಲ್ಲಿ ಹುಟ್ಟುಹಬ್ಬದ ಬನ್ನುಗಳನ್ನು ಸುತ್ತಿಗೆಯಿಂದ ಒಡೆದು ಚಹಾದಲ್ಲಿ ನೆನೆಸಿ ತಿಂದರು. ಅಜ್ಜಿಗೆ ಬನ್ನಿನ ಚಿಂತೆಯೇ ಇರಲಿಲ್ಲ. "ನೋಡಿದ್ರಾ, ನಾನು ಹೇಳಿ ಕಳಿಸಿದ್ದಕ್ಕೇ ರಾಜನ್ನ ಬದುಕಿಸಿದ್ರು" ಎಂದು ನೆಂಟರಿಗೆಲ್ಲ ಹೇಳುತ್ತಿದ್ದರು. ಭಾವಮೈದುನ ಒಂದು ತುಂಡು ಬನ್ನು ಅಗಿದು, ಹಲ್ಲು ಮುಟ್ಟಿ ನೋಡಿಕೊಂಡು, "ಅಕ್ಕಾ, ಇದಕ್ಕೆ ರೋಗನಿರೋಧಕ ಬನ್ನು ಅಂತ ಹೆಸರಿಟ್ರೆ ಹೇಗೆ?" ಎಂದು ಕೇಳಿ ಬೈಸಿಕೊಂಡ. ಸೀನಪ್ಪ ತನ್ನ ಕಥೆ ಹೇಳುತ್ತ, ಪಾರಿವಾಳ ಹಾರಿಸಿದ್ದು ಹೇಗೆಂದು ತೋರಿಸಲು ಜೊತೆಗೆ ತಂದಿದ್ದ ಪೊರಕೆಯನ್ನು ಬೀಸಿದ. ಬೀಸಿದವನೇ ಸಾಲಾಗಿ ಸೀನಿದ. ಹೆಂಡತಿ ಪೊರಕೆಯನ್ನು ಕಿತ್ತುಕೊಂಡಳು, ಸೀನು ನಿಂತಿತು. ಅವನ ಮುಖದ ಹತ್ತಿರ ತಂದಳು, ಶುರುವಾಯಿತು. ದೂರ ಒಯ್ದಳು, ನಿಂತಿತು.

"ಸೈನ್ಯನೂ ಇಲ್ಲ, ಗೋಡೆನೂ ಇಲ್ಲ" ಎಂದಳು. "ನಿಮಗಿರೋದು ಈ ದರಿದ್ರ ಪುಕ್ಕ. ನಾಳೆನೇ ಎಸೀರಿ ಇದನ್ನ."

ಮರುದಿನ ಸೀನಪ್ಪ ಸಂಭ್ರಮದಿಂದ ಮೇಡಂ ಬಳಿ ಹೋಗಿ, ಕಾರಣ ಸಿಕ್ಕಿತೆಂದೂ, ಪೊರಕೆ ಎಸೆದರೆ ಇನ್ನು ಜನ್ಮದಲ್ಲಿ ಸೀನುವುದಿಲ್ಲವೆಂದೂ ವರದಿ ಒಪ್ಪಿಸಿದ. ಮೇಡಂ ಎದ್ದು ಬಂದು ಅವನ ಕೈಯಲ್ಲಿದ್ದ ಪೊರಕೆಯನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡರು.

ಭಾನುವಾರ ಸಂಜೆ ಗಾಜಿನ ಕೋಣೆಯಲ್ಲಿ ದೊಡ್ಡ ಸಾಹೇಬರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಮೇಡಂ ಬೀರುವಿನಿಂದ ಪೊರಕೆ ತಂದು ಸೀನಪ್ಪನ ಕೈಗಿಟ್ಟರು. ಅವನ ಮೇಜಿನ ಮೇಲೆ ಹೆಂಡತಿಯಿಂದ ಬೇಡಿ ತಂದ ಡಬ್ಬಿಯಿತ್ತು. ಹಳೆಯ ಚೀಟಿ ಕಿತ್ತು ಅದಕ್ಕೆ ಹೊಸದು ಅಂಟಿಸಿದ್ದ: 'ಸೆರೆಮನೆಯ ಬಾಗಿಲು'. ಪಕ್ಕದಲ್ಲಿ ಬೆಚ್ಚಗಿನ ಸಕ್ಕರೆ ನೀರಿನ ಲೋಟದ ನೊರೆ ಅಂಚು ಮೀರಿ ಏಳುತ್ತಿತ್ತು. ಮೇಡಂ ಲೋಟವನ್ನೆತ್ತಿ, ಕಣ್ಣು ಮುಚ್ಚಿ, ಒಂದೇ ಗುಟುಕಿಗೆ ಕುಡಿದರು. ಬಾಯಿ ಒರೆಸಿಕೊಂಡು ಹತ್ತಿರ ಬಂದರು. ದನಿ ಎಷ್ಟು ಇಳಿದಿತ್ತೆಂದರೆ ಸೀನಪ್ಪ ಕಿವಿಯನ್ನು ಅವರ ಬಾಯಿಯ ಹತ್ತಿರ ತರಬೇಕಾಯಿತು.

"ನನ್ನ ಕೆಲಸ ನಾನು ಮಾಡ್ತೀನಿ. ನಿಮ್ಮ ಕೆಲಸ ನೀವು ಮಾಡಿ. ಕೆಂಪು ದೀಪ ಉರೀತಿರೋವಾಗ ನೀವೇನಾದ್ರೂ ಸೀನ್ಲಿಲ್ಲ ಅಂದ್ರೆ ನೋಡಿ, ನೇರ ಗೋದಾಮಿಗೆ."